ಇಂಗ್ಲಿಷ್ ಪ್ರಶ್ನೋತ್ತರ: ‘ಪಿಕ್ ಅಪ್ ಯೂ’ ಅಂದರೆ ತಪ್ಪೇನು?

ಈ ತಿಂಗಳು ಪತ್ರ ಬರೆದವರು ಬೇರೆ ಬೇರೆ ಊರಿನವರು, ಬೇರೆ ಬೇರೆ ಕೆಲಸದವರು. ಆದರೆ ಹೆಚ್ಚಿನವರಿಗೆ ಕಾಲು ತೊಡರಿದ ಜಾಗ ಒಂದೇ. ಒಂದು ಕ್ರಿಯಾಪದ, ಅದರ ಹತ್ತಿರ ಅಪ್, ಆಫ್, ಅಟ್, ಟು ಅನ್ನುವ ಒಂದು ಪುಟ್ಟ ಪದ, ಮತ್ತೆ ಮಿ, ಹಿಮ್, ಇಟ್ ಅನ್ನುವ ಸರ್ವನಾಮ. ಈ ಮೂರು ಒಟ್ಟಿಗೆ ಬಂದರೆ ಯಾವುದು ಮೊದಲು, ಯಾವುದು ಆಮೇಲೆ? ಉಡುಪಿಯಲ್ಲಿ ನಾನು ನಡೆಸುವ ಸಂಜೆ ತರಗತಿಯಲ್ಲೂ ಜಾಸ್ತಿ ಹೊತ್ತು ಹೋಗುವುದು ಇದಕ್ಕೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದರ ಬಗ್ಗೆಯೇ.

ಪ್ರಶ್ನೆ: ನಾನು ಮಂಗಳೂರಿನ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಇದ್ದೇನೆ. ಬಜ್ಪೆಯ ವಿಮಾನ ನಿಲ್ದಾಣಕ್ಕೆ ಬರುವ ಗಿರಾಕಿಯೊಬ್ಬರಿಗೆ ‘ಅವರ್ ಡ್ರೈವರ್ ವಿಲ್ ಪಿಕ್ ಅಪ್ ಯೂ ಅಟ್ ಸಿಕ್ಸ್’ ಅಂತ ಮೆಸೇಜ್ ಹಾಕಿದೆ. ಪಕ್ಕದ ಸೀಟಿನವಳು ‘ಪಿಕ್ ಯೂ ಅಪ್’ ಆಗಬೇಕು ಅಂದಳು. ಆದರೆ ‘ಪಿಕ್ ಅಪ್ ದ ಗೆಸ್ಟ್’ ಅಂತ ನಾವು ದಿನಾ ಬರೆಯುತ್ತೇವೆ, ಅದು ಸರಿಯಂತೆ. ಗೆಸ್ಟ್ ಆದರೆ ಸರಿ, ಯೂ ಆದರೆ ತಪ್ಪು. ಇದೆಂಥ ನ್ಯಾಯ?
– ಕಂಕನಾಡಿಯ ಓದುಗರು

ಉತ್ತರ: ಅವಳು ಹೇಳಿದ್ದು ಸರಿ. ನಿಮ್ಮ ಪ್ರಶ್ನೆಯೂ ಸರಿ. ಯಾಕೆಂದರೆ ಇದನ್ನು ಶಾಲೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಪಿಕ್ ಅಪ್, ಟರ್ನ್ ಆಫ್, ಸ್ವಿಚ್ ಆನ್, ಫಿಲ್ ಇನ್, ಥ್ರೋ ಅವೇ. ಇವೆಲ್ಲ ಎರಡು ತುಂಡಿನ ಕ್ರಿಯಾಪದಗಳು. ಎರಡೂ ಸೇರಿ ಒಂದು ಅರ್ಥ. ಇಂಗ್ಲಿಷಿನವರು ಈ ಎರಡು ತುಂಡುಗಳ ನಡುವೆ ಜಾಗ ಬಿಟ್ಟುಕೊಂಡಿದ್ದಾರೆ. ನಾಮಪದ ಆದರೆ ಆ ಜಾಗದಲ್ಲಿ ಕೂರಬಹುದು, ಹೊರಗೂ ನಿಲ್ಲಬಹುದು. ‘ಪಿಕ್ ಅಪ್ ದ ಗೆಸ್ಟ್’ ಸರಿ, ‘ಪಿಕ್ ದ ಗೆಸ್ಟ್ ಅಪ್’ ಕೂಡ ಸರಿ. ಸರ್ವನಾಮಕ್ಕೆ ಆ ಆಯ್ಕೆ ಇಲ್ಲ. ಮಿ, ಯೂ, ಹಿಮ್, ಹರ್, ಇಟ್, ಅಸ್, ದೆಮ್, ಇವು ನಡುವೆಯೇ ಕೂರಬೇಕು. ‘ಪಿಕ್ ಯೂ ಅಪ್’, ‘ಟರ್ನ್ ಇಟ್ ಆಫ್’, ‘ಫಿಲ್ ದೆಮ್ ಇನ್’.

ಯಾಕೆ ಹೀಗೆ ಅಂತ ಕೇಳುತ್ತೀರಿ, ಅಲ್ವಾ? ಇಂಗ್ಲಿಷ್ ವಾಕ್ಯದ ಕೊನೆ ಒತ್ತು ಬೀಳುವ ಜಾಗ. ಹೊಸ ಸಂಗತಿ ಸಾಮಾನ್ಯವಾಗಿ ಅಲ್ಲಿಗೆ ಬರುತ್ತದೆ. ‘ಯೂ’ ಅಂದರೆ ಯಾರು ಅಂತ ಕೇಳುವವರಿಗೆ ಮೊದಲೇ ಗೊತ್ತು. ‘ಇಟ್’ ಅಂದಾಗಲೂ ಆಗಲೇ ಮಾತಾಡಿ ಮುಗಿದ ವಸ್ತು. ಗೊತ್ತಿರುವ ಇಂಥ ಪದಕ್ಕೆ ಒತ್ತು ಬೇಕಿಲ್ಲ. ಅದಕ್ಕೇ ಅದನ್ನು ಕ್ರಿಯಾಪದದ ಬೆನ್ನಿಗೇ ಸಣ್ಣ ದನಿಯಲ್ಲಿ ಹೇಳಿ, ಕೊನೆಯ ಒತ್ತನ್ನು ‘ಅಪ್’ಗೆ ಕೊಡುತ್ತಾರೆ. ಸ್ವಲ್ಪ ಗಟ್ಟಿಯಾಗಿ ‘ಪಿಕ್ ಯೂ ಅಪ್’ ಅಂತ ಹೇಳಿ ನೋಡಿ. ‘ಯೂ’ ಬಹುತೇಕ ಮಾಯ, ‘ಅಪ್’ ಎದ್ದು ಕೇಳುತ್ತದೆ.

ಇದೇ ಕಾರಣಕ್ಕೆ ಉದ್ದದ ನಾಮಪದ ಬಂದರೆ ಲೆಕ್ಕ ತಿರುಗುತ್ತದೆ. ‘ಪಿಕ್ ಅಪ್ ದ ಗೆಸ್ಟ್ ಹೂ ಈಸ್ ಕಮಿಂಗ್ ಫ್ರಮ್ ದುಬೈ ವಿತ್ ಟೂ ಚಿಲ್ಡ್ರನ್’ ಅನ್ನುವಾಗ ಅಷ್ಟು ದೊಡ್ಡ ತುಂಡನ್ನು ನಡುವೆ ಇಟ್ಟು, ಕಡೆಗೆ ‘ಅಪ್’ ಅಂದರೆ ಕೇಳುವವರಿಗೆ ದಾರಿ ತಪ್ಪುತ್ತದೆ. ಹಾಗಾಗಿ ಅದು ಹೊರಗೇ ಇರಲಿ. ಬೆರಳು ತೋರಿಸಿ ಹೇಳುವ ‘ದಿಸ್’, ‘ದ್ಯಾಟ್’ ಸರ್ವನಾಮಗಳೇ ಆದರೂ ಅವುಗಳಿಗೆ ಒತ್ತು ಇದೆ. ಅದಕ್ಕೇ ‘ಪಿಕ್ ಅಪ್ ದ್ಯಾಟ್’ ಅಂದರೆ ತಪ್ಪಲ್ಲ.

ನಮಗೆ ಈ ತಪ್ಪು ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಮುಖ್ಯ. ‘ಸ್ಟೇಟ್ ಬ್ಯಾಂಕ್ ಹತ್ರ ನನ್ನನ್ನು ಪಿಕಪ್ ಮಾಡಿ’ ಅಂತ ನಾವು ದಿನಾ ಹೇಳುತ್ತೇವೆ. ‘ಫ್ಯಾನ್ ಆಫ್ ಮಾಡು’, ‘ಮೊಬೈಲ್ ಸ್ವಿಚಾಫ್ ಬರ್ತಾ ಉಂಟು’, ‘ಬ್ಯಾಕಪ್ ತಗೊಳ್ಳಿ’. ಕನ್ನಡಕ್ಕೆ ಬರುವಾಗ ಎರಡು ತುಂಡೂ ಅಂಟಿಕೊಂಡು ಒಂದೇ ಗಟ್ಟಿ ಪದ ಆಗಿವೆ. ಪಿಕಪ್, ಸ್ವಿಚಾಫ್, ಬ್ಯಾಕಪ್. ಅವುಗಳ ಹಿಂದೆ ಒಂದು ‘ಮಾಡು’ ಸೇರಿಸಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಅದು ಪೂರ್ತಿ ಸರಿ, ಅದಕ್ಕೆ ನಾಚಿಕೆ ಪಡಬೇಕಿಲ್ಲ. ತೊಂದರೆ ಆಗುವುದು ಅದೇ ಗಟ್ಟಿ ಪದವನ್ನು ಹಾಗೇ ಇಂಗ್ಲಿಷಿಗೆ ವಾಪಸು ಒಯ್ದಾಗ. ‘ಪಿಕಪ್’ ಒಂದೇ ಪದ ಅಂತ ಮನಸ್ಸಿನಲ್ಲಿ ಕೂತಿದ್ದರೆ ಅದನ್ನು ಒಡೆದು ನಡುವೆ ‘ಯೂ’ ಇಡಲು ಕೈ ಬರುವುದಿಲ್ಲ. ಇಂಗ್ಲಿಷೇ ಗೊತ್ತಿಲ್ಲದವರಿಗಿಂತ ಇಂಗ್ಲಿಷ್ ಪದಗಳನ್ನು ದಿನವಿಡೀ ಬಳಸುವ ಪೇಟೆಯ ಹುಡುಗ ಹುಡುಗಿಯರಲ್ಲೇ ಈ ತಪ್ಪು ಜಾಸ್ತಿ ಕಾಣುವುದು ಇದಕ್ಕೇ.

ನಾಳೆಯಿಂದ ನಿಮ್ಮ ಮೆಸೇಜಿನಲ್ಲಿ ‘ಅವರ್ ಡ್ರೈವರ್ ವಿಲ್ ಪಿಕ್ ಯೂ ಅಪ್ ಅಟ್ ಸಿಕ್ಸ್ ಆ್ಯಂಡ್ ಡ್ರಾಪ್ ಯೂ ಆಫ್ ಅಟ್ ದ ಹೋಟೆಲ್’ ಅಂತ ಹಾಕಿ.

ಪ್ರಶ್ನೆ: ಸರ್ವನಾಮ ನಡುವೆ ಬರಬೇಕು ಅಂತ ನಾನೂ ಕಲಿತಿದ್ದೆ. ಅದನ್ನು ನಂಬಿ ಮಕ್ಕಳಿಗೆ ‘ಲುಕ್ ಇಟ್ ಅಟ್’ ಅಂತ ಹೇಳಿಕೊಟ್ಟರೆ ಆಗುತ್ತದಾ? ಆಗುವುದಿಲ್ಲ. ‘ಲುಕ್ ಅಟ್ ಇಟ್’ ಅನ್ನಬೇಕು. ಹಾಗಾದರೆ ಎಲ್ಲಿ ನಡುವೆ, ಎಲ್ಲಿ ಕೊನೆಗೆ ಅಂತ ಗುರುತಿಸುವುದು ಹೇಗೆ?
– ಕುಂದಾಪುರದ ಪ್ರಾಥಮಿಕ ಶಾಲಾ ಶಿಕ್ಷಕಿ

ಉತ್ತರ: ತುಂಬ ಒಳ್ಳೆಯ ಪ್ರಶ್ನೆ ಮೇಡಂ. ಇಡೀ ವಿಷಯದ ಗಂಟು ಇರುವುದು ಇಲ್ಲೇ.

‘ಲುಕ್ ಅಟ್ ಇಟ್’ನಲ್ಲಿರುವ ‘ಅಟ್’ ಕ್ರಿಯಾಪದದ ತುಂಡಲ್ಲ. ಅದು ಮುಂದಿರುವ ‘ಇಟ್’ಗೆ ಸೇರಿದ್ದು. ಅಂದರೆ ನಿಜವಾದ ಪ್ರಿಪೊಸಿಷನ್. ನಮ್ಮಲ್ಲಿ ಈ ಕೆಲಸ ಮಾಡುವುದು ನಾಮಪದದ ಬಾಲಕ್ಕೆ ಅಂಟುವ ವಿಭಕ್ತಿ. ಕನ್ನಡದಲ್ಲಿ ‘ಮನೆಯಲ್ಲಿ’, ತುಳುವಿನಲ್ಲಿ ‘ಇಲ್ಲಡ್’, ಕೊಂಕಣಿಯಲ್ಲಿ ‘ಘರಾಂತ್’. ನಮ್ಮ ಕರಾವಳಿಯ ಮಕ್ಕಳು ಮನೆಯಲ್ಲಿ ಯಾವ ಭಾಷೆ ಆಡಿದರೂ ಈ ಬಾಲ ಹಿಂದೆಯೇ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮುಂದೆ ಬರುತ್ತದೆ, ‘ಇನ್ ದ ಹೌಸ್’. ಮುಂದೆ ಬಂದ ಕೂಡಲೇ ಕ್ರಿಯಾಪದದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಆಗ ಅದು ಯಾರ ಕಡೆಯದ್ದು, ಕ್ರಿಯಾಪದದ್ದೋ ನಾಮಪದದ್ದೋ ಅಂತ ಗೊತ್ತಾಗದೆ ಮಕ್ಕಳು ಗಲಿಬಿಲಿಯಾಗುತ್ತಾರೆ.

ಕಂಡುಹಿಡಿಯಲು ಎರಡು ದಾರಿ ಉಂಟು. ಒಂದು ಕಿವಿಯದ್ದು. ‘ಟರ್ನ್ ಇಟ್ ಆಫ್’ ಅನ್ನುವಾಗ ಒತ್ತು ‘ಆಫ್’ ಮೇಲೆ. ‘ಲುಕ್ ಅಟ್ ಇಟ್’, ‘ವೇಟ್ ಫಾರ್ ಮಿ’, ‘ಲಿಸನ್ ಟು ಹಿಮ್’ ಅನ್ನುವಾಗ ಒತ್ತು ಕ್ರಿಯಾಪದದ ಮೇಲೆ. ಅಟ್, ಫಾರ್, ಟು ಕೇಳಿಯೂ ಕೇಳದ ಹಾಗೆ ಹೋಗುತ್ತವೆ. ಒತ್ತು ಬಿದ್ದರೆ ಅದು ಕ್ರಿಯಾಪದದ ತುಂಡು, ಬೀಳದಿದ್ದರೆ ಪ್ರಿಪೊಸಿಷನ್. ಓವರ್, ಆಫ್ಟರ್, ಇಂಟು ಇವು ಸ್ವಲ್ಪ ಉದ್ದದ ಪದಗಳು. ಅಲ್ಲಿ ಕಿವಿಯನ್ನು ಅಷ್ಟು ನಂಬಬೇಡಿ.

ಇನ್ನೊಂದು, ನಡುವೆ ‘ಕೇರ್‌ಫುಲಿ’, ‘ಕ್ವಿಕ್ಲಿ’ ಅಂಥ ಪದ ಹಾಕಿ ನೋಡುವುದು. ‘ಲುಕ್ ಕೇರ್‌ಫುಲಿ ಅಟ್ ಇಟ್’ ಸರಾಗವಾಗಿ ಬರುತ್ತದೆ, ಯಾಕೆಂದರೆ ಲುಕ್ ಮತ್ತು ಅಟ್ ಬೇರೆ ಬೇರೆ. ‘ಟರ್ನ್ ಕ್ವಿಕ್ಲಿ ಆಫ್ ದ ಫ್ಯಾನ್’ ಅಂತ ಯಾರೂ ಅನ್ನುವುದಿಲ್ಲ.

ಒಂದೇ ಎರಡು ಪದ ಎರಡೂ ರೀತಿ ಬರುವುದುಂಟು. ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳ ಮುಖದಲ್ಲಿ ಬೆಳಕು ಕಾಣುತ್ತದೆ. ‘ಲುಕ್ ಓವರ್ ದ ವಾಲ್’, ಗೋಡೆಯ ಮೇಲಿಂದ ಇಣುಕು. ‘ಲುಕ್ ಓವರ್ ದ ಪೇಪರ್’, ಉತ್ತರ ಪತ್ರಿಕೆಯ ಮೇಲೆ ಒಮ್ಮೆ ಕಣ್ಣಾಡಿಸು. ನೋಡಲು ಎರಡೂ ಒಂದೇ ತರ. ಈಗ ಗೋಡೆಯನ್ನೂ ಪೇಪರನ್ನೂ ತೆಗೆದು ‘ಇಟ್’ ಹಾಕಿ. ಗೋಡೆಗೆ ‘ಲುಕ್ ಓವರ್ ಇಟ್’. ಪೇಪರಿಗೆ ‘ಲುಕ್ ಇಟ್ ಓವರ್’. ಒಳಗೆ ಅಡಗಿದ್ದ ವ್ಯತ್ಯಾಸವನ್ನು ‘ಇಟ್’ ಅನ್ನುವ ಚಿಕ್ಕ ಪದ ಹೊರಗೆ ಎಳೆದು ತೋರಿಸಿತು.

ಅದಕ್ಕೇ ನಾನು ಹೇಳುವುದು, ನೋಟ್ ಪುಸ್ತಕದಲ್ಲಿ ‘ಟರ್ನ್ ಆಫ್, ಆರಿಸು’ ಅಂತ ಬರೆಸಬೇಡಿ. ‘ಟರ್ನ್ ಇಟ್ ಆಫ್’ ಅಂತಲೇ ಬರೆಸಿ. ‘ಲುಕ್ ಆಫ್ಟರ್ ಇಟ್’, ‘ಗಿವ್ ಇಟ್ ಅಪ್’, ‘ಡಿಪೆಂಡ್ ಆನ್ ಇಟ್’, ‘ಪುಟ್ ಇಟ್ ಆನ್’. ‘ಇಟ್’ ಎಲ್ಲಿ ಕೂರುತ್ತದೆ ಅನ್ನುವುದು ಅರ್ಥದ ಜೊತೆಗೇ ಬಾಯಿಗೆ ಬರಬೇಕು. ಆಮೇಲೆ ನಿಯಮ ನೆನಪು ಮಾಡಿಕೊಳ್ಳುವ ಕೆಲಸವೇ ಇಲ್ಲ. ಶಾಲೆಯಲ್ಲಿ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಇದ್ದರೆ ತೆರೆದು ನೋಡಿ. ನಡುವೆ ಜಾಗ ಬಿಡುವ ಕ್ರಿಯಾಪದಗಳಿಗೆ ಅದರಲ್ಲಿ ಎರಡೂ ಕಡೆ ಮೊನೆ ಇರುವ ಬಾಣದ ಗುರುತು ಹಾಕಿರುತ್ತಾರೆ. ಆ ಬಾಣವನ್ನು ಓದಲು ಮಕ್ಕಳಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು, ಮುಂದೆ ಅವರೇ ಹುಡುಕಿಕೊಳ್ಳುತ್ತಾರೆ.

ಪ್ರಶ್ನೆ: ಕ್ಯಾಂಪಸ್ ಇಂಟರ್ವ್ಯೂಗೆ ತಯಾರಿ ನಡೆಸುತ್ತಿದ್ದೇನೆ. ‘ಪ್ಲೀಸ್ ಎಕ್ಸ್‌ಪ್ಲೇನ್ ಮಿ’, ‘ವಿ ಡಿಸ್ಕಸ್ಡ್ ಅಬೌಟ್ ದ ಪ್ರಾಜೆಕ್ಟ್’, ‘ಕೈಂಡ್ಲಿ ರಿಪ್ಲೈ ಮಿ’. ಈ ಮೂರಕ್ಕೂ ಸರ್ ಕೆಂಪು ಗೆರೆ ಹಾಕಿದರು, ಕಾರಣ ಹೇಳಲಿಲ್ಲ.
– ಸುರತ್ಕಲ್‌ನ ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಮೂರರಲ್ಲೂ ಗೆರೆ ಸರಿ. ಕಾರಣ ಮೂರಕ್ಕೂ ಒಂದೇ ಅಲ್ಲ.

ಮೊದಲು ಎಕ್ಸ್‌ಪ್ಲೇನ್. ಕನ್ನಡದಲ್ಲಿ ‘ನನಗೆ ಕೊಡಿ, ನನಗೆ ಹೇಳಿ, ನನಗೆ ವಿವರಿಸಿ’ ಮೂರೂ ಒಂದೇ ಅಚ್ಚು. ಇಂಗ್ಲಿಷಿನಲ್ಲಿ ‘ಗಿವ್ ಮಿ’, ‘ಟೆಲ್ ಮಿ’, ‘ಶೋ ಮಿ’, ‘ಸೆಂಡ್ ಮಿ’ ನಡೆಯುತ್ತವೆ. ಎಕ್ಸ್‌ಪ್ಲೇನ್ ಬಂದಾಗ ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಆಗಬೇಕು. ಇದರ ಹಿಂದೆ ಸ್ವಲ್ಪ ಇತಿಹಾಸ ಉಂಟು. ಗಿವ್, ಟೆಲ್, ಶೋ, ಸೆಂಡ್, ಟೀಚ್ ಇವು ಜರ್ಮನಿಕ್ ಬೇರಿನ ಹಳೆಯ ಪದಗಳು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲಿನ ಶತಮಾನಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್‌ನಿಂದ ರಾಶಿ ರಾಶಿ ಪದಗಳು ಬಂದವು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಅನೌನ್ಸ್ ಅಂಥವು. ಹೀಗೆ ಬಂದ ಪದಗಳಲ್ಲಿ ಹೆಚ್ಚಿನವು ‘ಮಿ’ಯನ್ನು ನೇರವಾಗಿ ಹತ್ತಿರ ಸೇರಿಸುವುದಿಲ್ಲ, ನಡುವೆ ‘ಟು’ ಬೇಕು. ‘ಆಫರ್ ಮಿ’, ‘ಪ್ರಾಮಿಸ್ ಮಿ’ ಅಂತ ಕೆಲವು ಹೊರತು ಇವೆ. ಆದರೂ ಸಂಶಯ ಬಂದಾಗ ಈ ಗೆರೆ ನಿಮ್ಮನ್ನು ಬಹುತೇಕ ಸರಿಯಾದ ಕಡೆಗೇ ಒಯ್ಯುತ್ತದೆ. ರಥಬೀದಿಗೆ ಬರುವ ಪ್ರವಾಸಿಗರು ‘ಸಜೆಸ್ಟ್ ಮಿ ಎ ಗುಡ್ ಹೋಟೆಲ್’ ಅಂತ ಕೇಳುವುದನ್ನು ನೀವೂ ಕೇಳಿರಬಹುದು. ‘ಸಜೆಸ್ಟ್ ಎ ಗುಡ್ ಹೋಟೆಲ್’ ಅಂದರೆ ಸಾಕು. ಗಿವ್ ಜೊತೆ ‘ಇಟ್’ ಮತ್ತು ‘ಮಿ’ ಎರಡೂ ಬಂದರೆ ‘ಗಿವ್ ಇಟ್ ಟು ಮಿ’ ಅನ್ನಿ, ಅದು ಎಲ್ಲ ಕಡೆ ಒಪ್ಪುವ ರೂಪ.

ಡಿಸ್ಕಸ್ ವಿಷಯ ಬೇರೆ. ‘ಡಿಸ್ಕಷನ್ ಅಬೌಟ್ ದ ಪ್ರಾಜೆಕ್ಟ್’ ಸರಿ. ಡಿಸ್ಕಷನ್ ನಾಮಪದ, ಅದಕ್ಕೆ ಪ್ರಿಪೊಸಿಷನ್ ಬೇಕು. ಕ್ರಿಯಾಪದ ಆದಾಗ ಬೇಡ: ‘ವಿ ಡಿಸ್ಕಸ್ಡ್ ದ ಪ್ರಾಜೆಕ್ಟ್, ವಿ ಡಿಸ್ಕಸ್ಡ್ ಇಟ್’. ‘ರಿಕ್ವೆಸ್ಟ್ ಫಾರ್ ಲೀವ್’ ನಾಮಪದ, ‘ಐ ರಿಕ್ವೆಸ್ಟೆಡ್ ಲೀವ್’ ಕ್ರಿಯಾಪದ. ‘ಆನ್ಸರ್ ಟು ದ ಕ್ವೆಶ್ಚನ್’ ನಾಮಪದ, ‘ಆನ್ಸರ್ ದ ಕ್ವೆಶ್ಚನ್’ ಕ್ರಿಯಾಪದ. ನಾಮಪದಕ್ಕೆ ಸೇರಿದ ಪುಟ್ಟ ಪದ ನಮ್ಮ ಬಾಯಲ್ಲಿ ಕ್ರಿಯಾಪದಕ್ಕೂ ಅಂಟಿಕೊಂಡು ಬರುತ್ತದೆ. ‘ರೀಚ್ಡ್ ಟು ಮಂಗಳೂರು’, ‘ಮ್ಯಾರೀಡ್ ವಿತ್ ಹರ್’ ಮಾತ್ರ ಸೀದಾ ಕನ್ನಡದಿಂದ ಬಂದವು. ‘ಮಂಗಳೂರಿಗೆ’ಯ ‘ಗೆ’ ‘ಟು’ ಆಯಿತು, ‘ಅವಳ ಜೊತೆ’ಯ ‘ಜೊತೆ’ ‘ವಿತ್’ ಆಯಿತು. ‘ರೀಚ್ಡ್ ಮಂಗಳೂರು’, ‘ಮ್ಯಾರೀಡ್ ಹರ್’ ಅಂದರೆ ಮುಗಿಯಿತು.

ರಿಪ್ಲೈಗೆ ‘ಟು’ ಬೇಕು: ‘ರಿಪ್ಲೈ ಟು ಮಿ’.

ಪ್ರಶ್ನೆ: ಬಸ್ಸಿಗೆ ‘ಗೆಟ್ ಆನ್’, ಕಾರಿಗೆ ‘ಗೆಟ್ ಇನ್’ ಯಾಕೆ? ಇಳಿಯುವಾಗ ‘ಗೆಟ್ ಡೌನ್’ ಅಂದರೆ ಮಗಳು ತಿದ್ದುತ್ತಾಳೆ.
– ಕಾರ್ಕಳದ ಗೃಹಿಣಿ

ಉತ್ತರ: ಒಳಗೆ ಎದ್ದು ನಿಂತು ನಡೆದಾಡಬಹುದಾದ ವಾಹನಕ್ಕೆ ‘ಆನ್’. ಬಸ್, ರೈಲು, ವಿಮಾನ, ಹಡಗು. ಬಗ್ಗಿ ಒಳಗೆ ಹೋಗಿ ಕೂರುವಂಥದ್ದಕ್ಕೆ ‘ಇನ್’. ಕಾರು, ರಿಕ್ಷಾ. ಬೈಕ್, ಸೈಕಲ್ ಮೇಲೆಯೇ ಕೂರುವುದರಿಂದ ಮತ್ತೆ ‘ಆನ್’. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೊಡ್ಡ ಬೋಟಿಗೂ ‘ಆನ್’ ಅನ್ನಬಹುದು, ಪುಟ್ಟ ದೋಣಿಗೆ ‘ಇನ್’. ಇಳಿಯುವಾಗ ಇದೇ ಲೆಕ್ಕ: ಬಸ್ಸಿನಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್ ಆಫ್’. ‘ಗೆಟ್ ಡೌನ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಬಸ್ಸಿನಲ್ಲಿ ಅದನ್ನು ಹೇಳಲು ಹಿಂಜರಿಯಬೇಡಿ. ಮಗಳು ಹೊರದೇಶಕ್ಕೆ ಹೋಗುವವಳಾದರೆ ‘ಗೆಟ್ ಆಫ್’ ಅವಳಿಗೆ ಬೇಕಾಗುತ್ತದೆ, ತಿದ್ದಲಿ ಬಿಡಿ.

ಇಲ್ಲಿಯೂ ‘ಇಟ್’ ಹಾಕಿ ನೋಡಿ. ಬಸ್ಸಿಗೆ ‘ಗೆಟ್ ಆನ್ ಇಟ್’, ಕೊನೆಗೆ. ರೇನ್‌ಕೋಟಿಗೆ ‘ಪುಟ್ ಇಟ್ ಆನ್’, ನಡುವೆ. ಬಸ್ಸಿನ ‘ಆನ್’ ಬಸ್ಸಿಗೆ ಸೇರಿದ್ದು, ರೇನ್‌ಕೋಟಿನ ‘ಆನ್’ ‘ಪುಟ್’ಗೆ ಸೇರಿದ್ದು.

ಪ್ರಶ್ನೆ: ‘ಬಿಟ್ವೀನ್ ಯೂ ಆ್ಯಂಡ್ ಐ’ ಅನ್ನುವುದೇ ಸಭ್ಯ ಇಂಗ್ಲಿಷ್ ಅಂತ ನಮ್ಮ ಮ್ಯಾನೇಜರ್ ವಾದ. ಹೌದಾ?
– ಮೂಲ್ಕಿಯ ಓದುಗರು

ಉತ್ತರ: ‘ಬಿಟ್ವೀನ್ ಯೂ ಆ್ಯಂಡ್ ಮಿ’ ಅನ್ನಿ. ಪ್ರಿಪೊಸಿಷನ್ ನಂತರ ಐ, ಹೀ, ಶೀ, ವಿ, ದೇ ಬರುವುದಿಲ್ಲ. ಮಿ, ಹಿಮ್, ಹರ್, ಅಸ್, ದೆಮ್ ಬರಬೇಕು. ಕನ್ನಡದಲ್ಲಿ ನಾವು ‘ನಿನ್ನ ನನ್ನ ನಡುವೆ’ ಅನ್ನುತ್ತೇವೆ, ‘ನೀನು ನಾನು ನಡುವೆ’ ಅನ್ನುವುದಿಲ್ಲ, ಅಲ್ವಾ? ಎರಡು ಹೆಸರು ಒಟ್ಟಿಗೆ ಬಂದು ಸಂಶಯ ಆದರೆ ಒಂದನ್ನು ತೆಗೆದು ನೋಡಿ. ‘ಹೀ ಬಾಟ್ ಟೀ ಫಾರ್ ಮೈ ಬ್ರದರ್ ಆ್ಯಂಡ್ ಐ’ಯಲ್ಲಿ ತಮ್ಮನನ್ನು ತೆಗೆಯಿರಿ. ‘ಫಾರ್ ಐ’ ಉಳಿಯಿತು. ಅದು ತಪ್ಪು ಅಂತ ಮ್ಯಾನೇಜರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ಪ್ರಿಪೊಸಿಷನ್‌ನಲ್ಲಿ ವಾಕ್ಯ ಮುಗಿಸಬಾರದು ಅಂತ ನಮ್ಮ ಕಾಲದ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಮೊಮ್ಮಗಳ ಪುಸ್ತಕದಲ್ಲಿ ‘ಹೂ ಆರ್ ಯೂ ವೇಟಿಂಗ್ ಫಾರ್?’ ಅಂತ ಅಚ್ಚಾಗಿದೆ. ಯಾವುದು ಸರಿ?
– ಬಲ್ಮಠದ ನಿವೃತ್ತ ಬ್ಯಾಂಕ್ ಉದ್ಯೋಗಿ

ಉತ್ತರ: ಮೊಮ್ಮಗಳ ಪುಸ್ತಕ ಸರಿ. ನಿಮ್ಮ ಮೇಷ್ಟ್ರು ತಮಗೆ ಬಂದ ಪಾಠವನ್ನು ನಂಬಿಕೆಯಿಂದ ಮುಂದಕ್ಕೆ ಕೊಟ್ಟರು, ಅಷ್ಟೆ. ಆ ಪಾಠದ ಜಾಡು ಹಿಡಿದು ಹೋದರೆ ಕವಿ ಜಾನ್ ಡ್ರೈಡನ್ ಸಿಗುತ್ತಾರೆ. ತಮಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಹೀಗೆ ವಾಕ್ಯ ಮುಗಿಸಿದ್ದನ್ನು 1672ರಲ್ಲಿ ಅವರು ತಪ್ಪು ಅಂದರು. ಲ್ಯಾಟಿನ್‌ನಲ್ಲಿ ಪ್ರಿಪೊಸಿಷನ್ ತನ್ನ ನಾಮಪದವನ್ನು ಬಿಟ್ಟು ಕೊನೆಯಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ಆ ಕಾಲದ ಓದಿದವರಿಗೆ ಲ್ಯಾಟಿನ್ನೇ ಮಾದರಿ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೋತ್ ಸ್ವಲ್ಪ ಮೆತ್ತಗಿದ್ದರು. ಮಾತಿನಲ್ಲಿ ಇದು ರೂಢಿ, ಗಂಭೀರ ಬರವಣಿಗೆಯಲ್ಲಿ ಮುಂದೆ ಇಟ್ಟರೆ ಚೆಂದ ಅಂದರು. ಆಮೇಲೆ ಬಂದವರ ಕೈಯಲ್ಲಿ ‘ಚೆಂದ’ ಹೋಗಿ ‘ಕೂಡದು’ ಆಯಿತು.

ಒಂದು ಮಾತ್ರ ನೆನಪಿಡಿ. ಪ್ರಿಪೊಸಿಷನ್ ಮುಂದೆ ಬಂದರೆ ‘ಹೂಮ್’ ಬೇಕು, ‘ಫಾರ್ ಹೂಮ್ ಆರ್ ಯೂ ವೇಟಿಂಗ್?’ ಕೊನೆಗೆ ಹೋದರೆ ಮಾತಿನಲ್ಲಿ ‘ಹೂ’ ಸಾಕು. ಕೋರ್ಟಿಗೆ ಅರ್ಜಿ ಬರೆಯುವಾಗ ಮೊದಲನೆಯದು ಇರಲಿ. ಜ್ಯೋತಿ ಸ್ಟಾಪಿನಲ್ಲಿ ಗೆಳೆಯರನ್ನು ಕೇಳುವಾಗ ಎರಡನೆಯದು.

ಪ್ರಶ್ನೆ: ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ’ ಅಂತ ಕೆಲಸದ ಅರ್ಜಿಯ ಕೊನೆಗೆ ಬರೆದಿದ್ದೇನೆ. ‘ಟು’ ಆದ ಮೇಲೆ ಕ್ರಿಯಾಪದದ ಮೂಲ ರೂಪವೇ ಅಲ್ವಾ ಬರಬೇಕಾದ್ದು?
– ಮಣಿಪಾಲದ ಓದುಗರು

ಉತ್ತರ: ಎಲ್ಲ ‘ಟು’ ಒಂದೇ ಅಲ್ಲ. ‘ಐ ವಾಂಟ್ ಟು ಮೀಟ್ ಯೂ’ದಲ್ಲಿ ‘ಟು’ ಕ್ರಿಯಾಪದದ ಜೊತೆಗಿನದು. ‘ಲುಕಿಂಗ್ ಫಾರ್ವರ್ಡ್ ಟು’ದಲ್ಲಿ ಅದು ಪ್ರಿಪೊಸಿಷನ್. ಗುರುತಿಸಲು ಮತ್ತೆ ‘ಇಟ್’ ಅನ್ನೇ ಕರೆಯಿರಿ. ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಇಟ್’ ಅನ್ನಬಹುದು. ‘ಐ ವಾಂಟ್ ಟು ಇಟ್’ ಅನ್ನಲು ಆಗುವುದಿಲ್ಲ. ‘ಇಟ್’ ಕೂರುವ ಕಡೆ ಕ್ರಿಯಾಪದ ಬರಬೇಕಾದರೆ ಅದಕ್ಕೆ ‘ಇಂಗ್’ ಸೇರಿಸಲೇಬೇಕು. ‘ಐ ಆ್ಯಮ್ ಯೂಸ್ಡ್ ಟು ಇಟ್’ ಸರಿ, ಹಾಗಾಗಿ ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’.

ಅರ್ಜಿ ಇನ್ನೂ ಕಳಿಸಿಲ್ಲ ಅಂತ ಪತ್ರದಲ್ಲಿ ಬರೆದಿದ್ದೀರಿ. ಒಳ್ಳೆಯದಾಯಿತು. ಕೊನೆಯ ಸಾಲನ್ನು ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯೂ’ ಅಂತ ಬದಲಾಯಿಸಿ ಕಳಿಸಿ. ಮೇಲಿನ ಪ್ಯಾರಾದಲ್ಲಿ ‘ಐ ಹ್ಯಾವ್ ಫಿಲ್ಡ್ ಇನ್ ಇಟ್’ ಅಂತಲೂ ಇದೆ. ಅದು ‘ಫಿಲ್ಡ್ ಇಟ್ ಇನ್’ ಆಗಲಿ.